ಮೂರು ತಂಡ, ಒಬ್ಬ ಸ್ಕೂಬಲ್: ನಾನು ಟ್ರೇಡ್ ಕುದುರಿಸಿದ ಬಗೆ

ಡೆಟ್ರಾಯಿಟ್ ಸುತ್ತಮುತ್ತ ಇರುವ ನಾವು ಆಫೀಸಿನ ಕೆಲವರು ಸೇರಿ ಒಂದು ಫ್ಯಾಂಟಸಿ ಬೇಸ್‌ಬಾಲ್ ಲೀಗ್ ನಡೆಸುತ್ತೇವೆ. ಪ್ರತಿಯೊಬ್ಬರ ತಂಡದಲ್ಲೂ ನಿಜವಾದ ಆಟಗಾರರ ಹೆಸರು. ಅವರು ಮೈದಾನದಲ್ಲಿ ಮಾಡಿದ್ದು ನಮಗೆ ಪಾಯಿಂಟು. ನಮ್ಮ ನಮ್ಮಲ್ಲೇ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು, ಅದೇ ಟ್ರೇಡ್. ವರ್ಷ ಮುಗಿದರೂ ಆಟಗಾರರನ್ನು ಉಳಿಸಿಕೊಳ್ಳಬಹುದು, ಹಾಗಾಗಿ ಎಳೆ ಹುಡುಗರಿಗೂ ಒಳ್ಳೇ ಬೆಲೆ ಇದೆ.

2025ರಲ್ಲಿ ನನಗೆ ಬೇಕಾಗಿದ್ದು ಡೆಟ್ರಾಯಿಟ್ ತಂಡ ಟೈಗರ್ಸ್‌ನ ಎಡಗೈ ಪಿಚರ್ (ಚೆಂಡು ಎಸೆಯುವವನು) ಟಾರಿಕ್ ಸ್ಕೂಬಲ್. ಹಿಂದಿನ ವರ್ಷ 18 ಗೆಲುವು, 228 ಸ್ಟ್ರೈಕೌಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡುವುದು), ಜೊತೆಗೆ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಅಂಥವನನ್ನು ಯಾರು ಸುಮ್ನೆ ಬಿಟ್ಟುಕೊಡ್ತಾರೆ? ಆದರೆ ಅವನನ್ನು ಇಟ್ಟುಕೊಂಡಿದ್ದ ಸಹೋದ್ಯೋಗಿಯ ತಂಡ ಪಟ್ಟಿಯ ತಳದಲ್ಲಿತ್ತು. ಬಾಗಿಲು ತಟ್ಟಲು ಅಷ್ಟು ಸಾಕು.

ತಟ್ಟುವ ಹೊತ್ತೂ ಮುಖ್ಯ. ಮೇ 25ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಸ್ಕೂಬಲ್ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದ. 94 ಎಸೆತ, 13 ಸ್ಟ್ರೈಕೌಟ್, ಒಂದೂ ರನ್ ಇಲ್ಲ. ಕೊನೆಯ ಎಸೆತ ಗಂಟೆಗೆ 102.6 ಮೈಲಿ! ಸುಸ್ತಾಗಬೇಕಾದ ಹೊತ್ತಿಗೆ ಇವನು ವೇಗ ಏರಿಸುತ್ತಾನೆ. ಅದನ್ನು ನೋಡಿದ ಮೇಲೆ ಸ್ವಲ್ಪ ದಿನ ನಾನು ಟ್ರೇಡ್ ಮಾತನ್ನೇ ಎತ್ತಲಿಲ್ಲ. ಆಗ ಕೇಳಿದ್ದರೆ ಸಹೋದ್ಯೋಗಿ ನನ್ನ ತಂಡದ ಅರ್ಧವನ್ನೇ ಕೇಳುತ್ತಿದ್ದ.

ಜೂನ್‌ನಲ್ಲಿ ನನ್ನ ತಂಡದ ಹೊಸೆ ರಾಮಿರೆಜ್‌ನನ್ನು ಕೊಡ್ತೀನಿ ಅಂದೆ. ಥರ್ಡ್ ಬೇಸ್ ಜಾಗದಲ್ಲಿ ಆಡುವವರಲ್ಲಿ ಅವನಷ್ಟು ನಂಬಿಕಸ್ಥ ಬ್ಯಾಟರ್ ಸಿಗೋದು ಕಷ್ಟ. ಸಹೋದ್ಯೋಗಿ ಬೇಡವೆಂದ. "ಆಟಗಾರ ಚೆನ್ನಾಗಿದ್ದಾನೆ, ಆದರೆ ನನಗೆ ಈ ವರ್ಷದ ರನ್ ಇಟ್ಕೊಂಡು ಏನಾಗಬೇಕು? ಹುಡುಗರಿದ್ರೆ ಹೇಳು." ನನ್ನ ಹತ್ತಿರ ಇರಲಿಲ್ಲ. ಆದರೆ ಅವನಿಗೆ ಬೇಕಾದದ್ದೇನು ಅಂತ ಗೊತ್ತಾಯಿತಲ್ಲ, ಅದು ಯಾರ ಬಳಿ ಇದೆ ಅಂತ ಹುಡುಕಲು ಕೂತೆ.

ನಿಜವಾದ ಮೂರು ತಂಡದ ಟ್ರೇಡ್‌ಗಳೂ ಹೀಗೇ ಹುಟ್ಟುತ್ತವೆ. 2014ರ ಜುಲೈ 31ರಂದು ಇದೇ ಟೈಗರ್ಸ್ ಟ್ಯಾಂಪಾ ಬೇ ತಂಡದಿಂದ ಪಿಚರ್ ಡೇವಿಡ್ ಪ್ರೈಸ್‌ನನ್ನು ತಂದರು. ಟ್ಯಾಂಪಾಗೆ ಟೈಗರ್ಸ್‌ನಿಂದ ಡ್ರೂ ಸ್ಮೈಲಿ ಮತ್ತು ಎಳೆಯ ಶಾರ್ಟ್‌ಸ್ಟಾಪ್ ವಿಲ್ಲಿ ಅಡಾಮೆಸ್ ಸಿಕ್ಕರು, ಸಿಯಾಟಲ್‌ನಿಂದ ನಿಕ್ ಫ್ರಾಂಕ್ಲಿನ್ ಸಿಕ್ಕ. ಸಿಯಾಟಲ್‌ಗೆ ಪ್ರೈಸ್ ಬೇಕಿರಲಿಲ್ಲ, ಸೆಂಟರ್ ಫೀಲ್ಡರ್ ಬೇಕಿತ್ತು. ಅದಕ್ಕೆ ಟೈಗರ್ಸ್‌ನ ಆಸ್ಟಿನ್ ಜಾಕ್ಸನ್ ಹೋದ. ಪಂದ್ಯದ ಮಧ್ಯದಲ್ಲೇ ಅವನನ್ನು ಮೈದಾನದಿಂದ ಕರೆಸಿಕೊಂಡರು. ವಿಷಯ ಗೊತ್ತಾದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೆದು ಕಳಿಸಿಕೊಟ್ಟರು.

ಐಪಿಎಲ್ ನೋಡುವವರಿಗೂ ಇದು ಹೊಸದಲ್ಲ. 2023ರ ನವೆಂಬರ್‌ನಲ್ಲಿ ಮುಂಬೈ ತಂಡ ಕ್ಯಾಮರನ್ ಗ್ರೀನ್‌ನನ್ನು ನಮ್ಮ ಆರ್‌ಸಿಬಿಗೆ ಕೊಟ್ಟು, ಆ ದುಡ್ಡಿನ ಜಾಗದಲ್ಲಿ ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯನನ್ನು ಕರೆಸಿಕೊಂಡಿತು. ಕಾಗದದ ಮೇಲೆ ಎರಡು ವ್ಯವಹಾರ, ಒಂದಿಲ್ಲದೆ ಇನ್ನೊಂದು ಕಷ್ಟ.

ನನ್ನ ಟ್ರೇಡ್‌ನ ಮೂರನೆಯವನು ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿರುವ ಹಾಸನದ ಗೆಳೆಯ. ಪಟ್ಟಿಯಲ್ಲಿ ಮೇಲಿದ್ದ, ಆದರೆ ಅವನ ಥರ್ಡ್ ಬೇಸ್ ಖಾಲಿ ಅನ್ನುವಷ್ಟು ಬಡವಾಗಿತ್ತು. ಕ್ಲೋಸರ್ (ಕೊನೆಯಲ್ಲಿ ಬಂದು ಗೆಲುವು ಉಳಿಸುವ ಪಿಚರ್) ಕೂಡ ಇರಲಿಲ್ಲ. ಹುಡುಗರು ಮಾತ್ರ ಜಾಸ್ತಿ. ಬಾಸ್ಟನ್‌ನ ರೋಮನ್ ಆಂಥನಿ, ಪೈರೇಟ್ಸ್‌ನ ಮೈನರ್ ಲೀಗ್‌ನಲ್ಲಿದ್ದ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) 19ರ ಹುಡುಗ ಕಾನರ್ ಗ್ರಿಫಿನ್, ಇಬ್ಬರೂ ಅವನ ಹತ್ತಿರವೇ. ರಾಮಿರೆಜ್ ಜೊತೆಗೆ ಒಬ್ಬ ಕ್ಲೋಸರ್, ಬದಲಿಗೆ ಇವರಿಬ್ಬರು ಅಂದೆ.

"ಏನ್ ಗುರು, ಆಂಥನಿನ ಕೇಳ್ತೀಯಲ್ಲ! ಮೊನ್ನೆ 497 ಅಡಿ ಹೊಡೆದಿದ್ದಾನೆ" ಅಂತ ಮೂಗು ಮುರಿದ. ನಿಜ, ಮೈನರ್ ಲೀಗ್‌ನ ಮೇಲಿನ ಹಂತವಾದ ಟ್ರಿಪಲ್ ಎಯಲ್ಲಿ ಅಂಥದ್ದೊಂದು ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದ ಬೆನ್ನಲ್ಲೇ ಬಾಸ್ಟನ್ ಅವನನ್ನು ಮೇಲಕ್ಕೆ ಕರೆಸಿಕೊಂಡಿತ್ತು. ನಾನು ಒತ್ತಾಯ ಮಾಡಲಿಲ್ಲ. ಮೇಜರ್ ಲೀಗ್‌ನ ಶುರುವಿನಲ್ಲಿ ಆಂಥನಿಗೆ ಹಿಟ್ ಸಿಗುವುದು ಕಷ್ಟವಾಯಿತು. ಇತ್ತ ಗೆಳೆಯನ ಥರ್ಡ್ ಬೇಸ್‌ನಿಂದ ಪಾಯಿಂಟು ಬರಲೇ ಇಲ್ಲ. ಆಮೇಲೆ ಫೋನ್ ಮಾಡಿದ್ದು ಅವನೇ.

ಇಲ್ಲಿಂದ ಮುಂದಿನದು ಬರೀ ಲೆಕ್ಕ, ಆದರೆ ಟ್ರೇಡ್ ಮುರಿಯುವುದೂ ಇಲ್ಲೇ. ನಮ್ಮ ಆ್ಯಪ್‌ನಲ್ಲಿ ಇಬ್ಬರ ನಡುವಿನ ಟ್ರೇಡ್ ಮಾತ್ರ ಆಗುತ್ತದೆ. ಅಂದರೆ ರಾಮಿರೆಜ್ ಕೊಟ್ಟು ಹುಡುಗರನ್ನು ಮೊದಲು ನಾನು ತಗೊಳ್ಳಬೇಕು, ಆಮೇಲೆ ಅವರನ್ನು ಸಹೋದ್ಯೋಗಿಗೆ ದಾಟಿಸಿ ಸ್ಕೂಬಲ್‌ನನ್ನು ಪಡೆಯಬೇಕು. ನಡುವೆ ಸ್ಕೂಬಲ್ ಮಾಲೀಕ ಮನಸ್ಸು ಬದಲಿಸಿದರೆ? ಗೆಲ್ಲಬೇಕಾದ ವರ್ಷದಲ್ಲಿ ಕೈಯಲ್ಲಿ ಬರೀ ಹುಡುಗರು. ಅದಕ್ಕೇ ಮೂವರ ಗುಂಪು ಮಾಡಿ, ಯಾರಿಂದ ಯಾರಿಗೆ ಏನು ಅಂತ ಒಂದೇ ಮೆಸೇಜಿನಲ್ಲಿ ಬರೆದು ಮೂವರಿಂದಲೂ ಒಪ್ಪಿಗೆ ಬರೆಸಿಕೊಂಡೆ. ಲೀಗ್ ಕಮಿಷನರ್‌ಗೆ ಎರಡನ್ನೂ ಒಟ್ಟಿಗೆ ಪಾಸ್ ಮಾಡಲು ಹೇಳಿದೆ. ಗ್ರಿಫಿನ್‌ಗೆ ನನ್ನಲ್ಲಿ ಮೈನರ್ ಲೀಗ್ ಜಾಗ ಇರಲಿಲ್ಲ. ಹತ್ತು ನಿಮಿಷ ಇದ್ದು ಹೋಗುವವನಿಗೋಸ್ಕರ ಒಬ್ಬನನ್ನು ಕೈಬಿಡಬೇಕಾಯಿತು. ಉಳಿದ ಮಾಲೀಕರು ವೀಟೋ ಹಾಕಬಹುದಿತ್ತು, ಅವರಿಗೂ ಮೊದಲೇ ವಿವರಿಸಿದೆ.

ಎಲ್ಲರೂ ಕೇಳಿದ್ದು ಒಂದೇ: ಪಿಚರ್‌ಗೆ ಇಷ್ಟು ಕೊಡ್ತಾರಾ? ಸ್ಕೂಬಲ್‌ಗೆ ಕಾಲೇಜಿನಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಗಿತ್ತು, 2022ರಲ್ಲಿ ಮುಂಗೈ ಸ್ನಾಯುವಿಗೆ ಮತ್ತೊಂದು. ಮೇಜರ್ ಲೀಗ್ ತಂಡಗಳು ವೈದ್ಯಕೀಯ ವರದಿ ನೋಡಿದ ಮೇಲೇ ಟ್ರೇಡ್‌ಗೆ ಮುದ್ರೆ ಒತ್ತುತ್ತವೆ. ನಮಗೆ ಆ ಸೌಲಭ್ಯ ಎಲ್ಲಿದೆ? ಅವನ ಮುಂದಿನ ಪಂದ್ಯ ನೋಡಿ, ವೇಗ ಕುಗ್ಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೂಂ ಅಂದೆ.

ಆ ವರ್ಷವೂ ಸೈ ಯಂಗ್ ಸ್ಕೂಬಲ್‌ಗೇ ಬಂತು, 241 ಸ್ಟ್ರೈಕೌಟ್‌ಗಳ ಜೊತೆ. ಆದರೆ ಆಗಸ್ಟ್‌ನಲ್ಲಿ ಬಾಸ್ಟನ್ ಆಂಥನಿ ಜೊತೆ ಎಂಟು ವರ್ಷಕ್ಕೆ 13 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ ದಿನ, ಸಹೋದ್ಯೋಗಿ ಆ ಸುದ್ದಿಯನ್ನು ಮೂವರ ಗುಂಪಿಗೆ ಹಾಕಿ ನನಗೆ ಥ್ಯಾಂಕ್ಸ್ ಹೇಳಿದ. ಹಾಸನದವನು ಈಗ ಗ್ರಿಫಿನ್ ವಾಪಸ್ ಬೇಕು ಅಂತ ಅವನ ಬೆನ್ನು ಹತ್ತಿದ್ದಾನೆ.