ಒಳಗಿನ ಚಿಲಕ

ಹೆರಿಗೆ ರಜೆ ಮುಗಿಸಿ ನಾನು ಕೆಲಸಕ್ಕೆ ವಾಪಸ್ ಹೋದದ್ದು 2023ರ ಡಿಸೆಂಬರ್ ಮೊದಲ ವಾರ. ಮಗಳು ಜೂನ್ ಮಳೆಯಲ್ಲಿ ಹುಟ್ಟಿದವಳು. 26 ವಾರದ ರಜೆಯಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಖರ್ಚಾಗಿತ್ತು. ಹಾಗಾಗಿ ನಾನು ಬ್ಯಾಗ್ ಹಾಕಿಕೊಂಡು ಸುಂಟಿಕೊಪ್ಪದಲ್ಲಿ ಬಸ್ ಹತ್ತಿದ ದಿನ ಅವಳಿಗೆ ಐದು ತಿಂಗಳು ತುಂಬಿತ್ತು, ಅಷ್ಟೇ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ರಜೆಗೂ ಆರು ತಿಂಗಳಿಗೂ ನಡುವೆ ಉಳಿದ ಆ ಮೂರು ವಾರ ಎಂತ ಮಾಡೂದು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನನ್ನದು ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆಯುವ ಕೆಲಸ. ತೋಟಗಳಿಂದ ಒಣಗಿಸಿದ ಕಾಫಿ ಚೀಲಗಳಲ್ಲಿ ಬರುತ್ತದೆ. ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡಿ, ಕಪ್ಪು ಬೀಜ, ಒಡೆದ ಬೀಜ ಆರಿಸಿ ಕೊಡುತ್ತೇವೆ. ಆರಿಸುವವರೆಲ್ಲ ಹೆಂಗಸರು, ಹೆಚ್ಚಿನವರು ಸೀಸನ್ನಿಗೆ ಬರುವ ದಿನಗೂಲಿಯವರು. ಈ ಆರಿಸುವ ಕೆಲಸಕ್ಕೆ ಗಾರ್ಬ್ಲಿಂಗ್ ಅನ್ನುತ್ತೇವೆ. ಡಿಸೆಂಬರಿನಲ್ಲಿ ಅರೇಬಿಕಾ ಬರಲು ಶುರು, ಆಮೇಲೆ ರೊಬಸ್ಟಾ. ಏಪ್ರಿಲ್‌ವರೆಗೆ ತಲೆ ಎತ್ತಲು ಪುರುಸೊತ್ತಿಲ್ಲ.

ಮೊದಲ ದಿನ ಹನ್ನೊಂದು ಗಂಟೆಗೆ ಎದೆ ಕಲ್ಲಿನ ಹಾಗಾಯಿತು. ಗೇಟಿನ ಹತ್ತಿರ ಲಾರಿ ಡ್ರೈವರೊಬ್ಬರ ಮಗು ಅತ್ತದ್ದು ಕೇಳಿತು, ಅಷ್ಟೇ. ಹಾಲು ಇಳಿದು ಬ್ಲೌಸ್ ಒದ್ದೆ. ಎದುರು ಟೇಬಲ್ಲಿನ ಸಹೋದ್ಯೋಗಿ ಕೇಳಿದ ಲಾಟ್ ನಂಬರಿಗೆ ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಉತ್ತರ ಕೊಟ್ಟೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಹಿಂಡಿ ಚೆಲ್ಲಿದೆ. ಅಳು ಬಂತು. ನೋವಿಗಿಂತ ಜಾಸ್ತಿ, ಆ ಹಾಲು ಹೋಗುತ್ತಿದ್ದ ಜಾಗ ನೋಡಿ. ಮನೆಯವರ ಬುತ್ತಿಯನ್ನು ಯಾರಾದರೂ ಕಕ್ಕಸಿನಲ್ಲಿ ಕಟ್ಟುತ್ತಾರಾ?

ನಾಲ್ಕು ದಿನ ಹೀಗೇ ನಡೆಯಿತು. ಐದನೇ ದಿನ ಗಾರ್ಬ್ಲಿಂಗಿನ ಹಿರಿಯ ಅಕ್ಕ ಒಬ್ಬರು ಟಾಯ್ಲೆಟ್ ಬಾಗಿಲ ಹೊರಗೆ ನಿಂತಿದ್ದರು. ಅವತ್ತಿನವರೆಗೆ ನನ್ನನ್ನು ಮೇಡಂ ಅನ್ನುತ್ತಿದ್ದವರು, "ಎಂತ ಮಾರಾಯ್ತಿ, ಹಾಲು ಚೆಲ್ತಾ ಇದ್ದೀಯಾ?" ಅಂದರು. ಖಾಲಿ ಚೀಲಗಳ ರಾಶಿ ಹಿಂದೆ ಕರೆದುಕೊಂಡು ಹೋದರು. ಕೈಯಲ್ಲಿ ಹಾಲು ತೆಗೆಯುವುದು ನಾನು ಕಲಿತದ್ದು ಅಲ್ಲಿ.

ನಾನು ತೊಟ್ಟನ್ನೇ ಹಿಡಿದು ಎಳೆಯುತ್ತಿದ್ದೆ. "ಅದು ಹಸುವಿನ ಕೆಚ್ಚಲಲ್ಲ" ಅಂತ ಬೈದರು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನ ಸುತ್ತ ಕಪ್ಪು ಇರುತ್ತದಲ್ವಾ, ಅದರ ಅಂಚಿಗೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಬೆರಳು ಒಂದಕ್ಕೊಂದು ಸೇರಿಸಬೇಕು. ಬಿಡಬೇಕು. ಮತ್ತೆ ಒತ್ತಬೇಕು. ಚರ್ಮದ ಮೇಲೆ ಬೆರಳು ಜಾರಬಾರದು. ಒಂದು ಕಡೆ ಹನಿ ನಿಧಾನವಾದರೆ ಬೆರಳನ್ನು ಸ್ವಲ್ಪ ತಿರುಗಿಸಿ ಬೇರೆ ಕಡೆ ಒತ್ತಬೇಕು. ಮೊದಲು ಒಂದೆರಡು ನಿಮಿಷ ಏನೂ ಬರುವುದಿಲ್ಲ. ಗಾಬರಿಯಾದರೆ ಇನ್ನೂ ಬರುವುದಿಲ್ಲ. ಹಾಲು ಇಳಿಸುವ ಹಾರ್ಮೋನಿಗೆ ಆಕ್ಸಿಟೋಸಿನ್ ಅನ್ನುತ್ತಾರೆ, ಭಯ, ಗಡಿಬಿಡಿ ಇದ್ದರೆ ಅದಕ್ಕೆ ತಡೆಯಾಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಹೊರಗೆ ಯಾರಾದರೂ ಬಾಗಿಲು ತಟ್ಟುತ್ತಿದ್ದರೆ ಹಾಲು ಬರದಿರುವುದು ನನ್ನ ಕೊರತೆ ಅಲ್ಲ ಅಂತ ಗೊತ್ತಾಗಿ ಸಮಾಧಾನವಾಯಿತು. ಮಗಳು ನಗುವ ವಿಡಿಯೊ ಒಂದಿತ್ತು ಫೋನಲ್ಲಿ. ಅದನ್ನು ನೋಡುತ್ತಾ ಕೂತರೆ ಬೇಗ ಇಳಿಯುತ್ತಿತ್ತು.

ಪಂಪ್ ಕೂಡ ತಂದೆ, ಆಮೇಲೆ. ಕರೆಂಟಿನದ್ದಲ್ಲ, ಕೈಯಲ್ಲಿ ಒತ್ತುವುದು. ನಿಜ ಹೇಳಬೇಕೆಂದರೆ ಅಕ್ಕ ಹೇಳಿಕೊಟ್ಟ ಕೈಯೇ ನನಗೆ ಚೆನ್ನಾಗಿ ಒಗ್ಗಿತು. ಮೊದಲ ದಿನ ಲೋಟದ ತಳ ಮುಚ್ಚುವಷ್ಟು. ಎರಡು ವಾರ ಕಳೆಯುವಾಗ ಒಂದು ಸಲಕ್ಕೆ 100 ಮಿಲಿ ದಾಟಿತು.

ಈಗ ಜಾಗದ ವಿಷಯ. ಚೀಲದ ರಾಶಿ ಹಿಂದೆ ದಿನಾ ಕೂರಲು ಆಗುವುದಿಲ್ಲ, ಯಾವಾಗ ಬೇಕಾದರೂ ಲೋಡಿಂಗಿನವರು ಬರಬಹುದು. ಮ್ಯಾನೇಜರ್ ಸರ್ ಹತ್ತಿರ ಕೇಳಲೇಬೇಕು. ನಾನು ಮೊದಲು ಕಾಯ್ದೆ ಓದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ, ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು ಅಂತ ಇತ್ತು. ಮಾಮೂಲಿ ಊಟದ ಬಿಡುವು ಬೇರೆ, ಇದು ಬೇರೆ. 2017ರ ತಿದ್ದುಪಡಿಯಲ್ಲಿ, 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ ಸೇರಿಸಿದ್ದರು. ಇದನ್ನೆಲ್ಲ ಬರೆದು ಒಂದೂವರೆ ಪುಟದ ಅರ್ಜಿ ಮಾಡಿದೆ. ಮನೆಯಲ್ಲಿ ಇವರು ಓದಿ, "ಜಗಳಕ್ಕೆ ಹೋಗ್ತಾ ಇದ್ದೀಯಾ, ರೂಮ್ ಕೇಳ್ಲಿಕ್ಕೆ ಹೋಗ್ತಾ ಇದ್ದೀಯಾ?" ಅಂದರು. ಕೋಪ ಬಂತು. ಆದರೂ ಅರ್ಜಿಯನ್ನು ಬ್ಯಾಗಿನಲ್ಲೇ ಇಟ್ಟು, ಬಾಯಲ್ಲಿ ಕೇಳಿದೆ.

"ಸರ್, ಹನ್ನೊಂದಕ್ಕೆ ಒಂದು ಸಲ, ಮೂರಕ್ಕೆ ಒಂದು ಸಲ, ಇಪ್ಪತ್ತು ನಿಮಿಷ. ಮಗುವಿಗೆ ಹಾಲು ತೆಗೀಬೇಕು. ಹಳೇ ತೂಕದ ಚೀಟಿ ಇಡೋ ರೂಮ್ ಖಾಲಿ ಇದೆ. ರಿಜಿಸ್ಟರ್ ಅವತ್ತಿಂದು ಅವತ್ತೇ ಮುಗಿಸ್ತೇನೆ."

ಸರ್ ಕಿಟಕಿ ಕಡೆ ನೋಡುತ್ತಾ ಕೇಳಿಸಿಕೊಂಡರು. ಹಾಲು ಅನ್ನುವ ಪದಕ್ಕೇ ಮುಖ ಕೆಂಪಾಗಿತ್ತು ಪಾಪ. "ಆಯ್ತು ಆಯ್ತು, ಮಾಡ್ಕೊಳ್ಳಿ" ಅಂದರು. ಶಿಶುಪಾಲನಾ ಕೇಂದ್ರದ ಮಾತು ತೆಗೆದದ್ದಕ್ಕೆ ಮಾತ್ರ "ನಮ್ಮಲ್ಲಿ ಪರ್ಮನೆಂಟ್ 50 ಜನ ಎಲ್ಲಿದ್ದಾರೆ?" ಅಂದರು. ಸೀಸನ್ನಿನವರನ್ನು ಸೇರಿಸಿದರೆ ಇದ್ದಾರೆ. ಅದನ್ನು ಅವತ್ತು ನಾನು ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನಿಸುತ್ತದೆ.

ಕೋಣೆಗೆ ಆದ ಖರ್ಚು ನಾನೇ ವೋಚರ್ ಬರೆದದ್ದು, ಹಾಗಾಗಿ ನೆನಪಿದೆ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲ್, ಕಿಟಕಿಗೆ ಪರದೆ, ಬಕೆಟ್, ಮಗ್ಗು, ಸೋಪು, ಬೀಗ. ಎಲ್ಲ ಸೇರಿ 1,640 ರೂಪಾಯಿ, 'ದುರಸ್ತಿ ಮತ್ತು ನಿರ್ವಹಣೆ' ಖಾತೆಯಲ್ಲಿ. ಸಿಪ್ಪೆ ಬಿಡಿಸುವ ಮೆಷಿನ್, ಹಲ್ಲರ್, ಓಡುವಾಗ ಗೋಡೆಯೇ ನಡುಗುತ್ತದೆ, ಆದರೆ ಆ ಸದ್ದಿನಲ್ಲಿ ಒಳಗೆ ಎಂತ ನಡೆಯುತ್ತದೆ ಅಂತ ಯಾರಿಗೂ ಕೇಳುವುದಿಲ್ಲ. ಒಳ್ಳೆಯದೇ ಆಯಿತು.

ಹಾಲು ಇಡುವ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಾಫಿ ದೂಳು ಕೈಗೆ ಅಂಟಿರುತ್ತದೆ, ಮೊದಲು ಸೋಪಿನಲ್ಲಿ ಮೊಣಕೈವರೆಗೆ ತೊಳೆಯುತ್ತಿದ್ದೆ. ಗಟ್ಟಿ ಮುಚ್ಚಳದ ಎರಡು ಸ್ಟೀಲ್ ಡಬ್ಬಿ, ಹಿಂದಿನ ರಾತ್ರಿ ಕುದಿಸಿ ಒಣಗಿಸಿದ್ದು. ಹೊರಗಡೆ 25 ಡಿಗ್ರಿವರೆಗಿನ ತಂಪಿನಲ್ಲಿ ನಾಲ್ಕು ಗಂಟೆ ಇಡಬಹುದು. ನಮ್ಮ ಜನವರಿ ಬೆಳಿಗ್ಗೆಗೆ ಅದು ಸರಿ, ಮಾರ್ಚಿಗೆ ಅಲ್ಲ. ಅದಕ್ಕೆ ಐಸ್ ಪ್ಯಾಕ್ ಹಾಕಿದ ಚೀಲ ಒಯ್ಯುತ್ತಿದ್ದೆ, ಸಂಜೆ ಮನೆಗೆ ಹೋಗಿ ಫ್ರಿಜ್ಜಿನ ಒಳಭಾಗದಲ್ಲಿ ಇಡುತ್ತಿದ್ದೆ. ಬಾಗಿಲಲ್ಲಿ ಇಡಬಾರದು. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಆದರೆ ಏಪ್ರಿಲಿನಲ್ಲಿ ಗುಡುಗು ಮಳೆ ಬಂದು ಮರ ಬಿದ್ದರೆ ನಮ್ಮಲ್ಲಿ ಕರೆಂಟು ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತು. ಹಾಗಾಗಿ ಇವತ್ತು ತೆಗೆದದ್ದು ನಾಳೆಗೆ, ಅಷ್ಟೇ ಲೆಕ್ಕ ಇಟ್ಟುಕೊಂಡೆ. ಮೇಲೆ ಕೆನೆ ಕಟ್ಟಿದ್ದು ನೋಡಿ ಅತ್ತೆ ಮೊದಲ ದಿನ "ಒಡೆದು ಹೋಗಿದೆ" ಅಂದರು. ಒಡೆದಿಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಸೇರಿಕೊಳ್ಳುತ್ತದೆ. ಕುದಿಸುವುದು ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಸಾಕು.

ಕುಡಿಸುವ ಕೆಲಸ ಅತ್ತೆಯದು. ಬಾಟಲಿ ಬೇಡ ಅಂದೆ, ರೂಢಿಯಾದರೆ ಎದೆ ಹಿಡಿಯದೆ ಹೋಗಬಹುದು ಅಂತ. ಅತ್ತೆ ಪೆಟ್ಟಿಗೆಯಿಂದ ಇವರು ಮಗುವಾಗಿದ್ದಾಗಿನ ಬೆಳ್ಳಿ ಒಳಲೆ ತೆಗೆದರು. ಮಡಿಲಲ್ಲಿ ನೆಟ್ಟಗೆ ಕೂರಿಸಿ, ತುಟಿಗೆ ತಾಗಿಸಿ ಹಿಡಿದರೆ ಅವಳೇ ಹೀರಿಕೊಳ್ಳುತ್ತಿದ್ದಳು. ನನ್ನ ಇಡೀ ಏರ್ಪಾಡಿನಲ್ಲಿ ಒಂದು ದಿನವೂ ಕೈಕೊಡದ ವಸ್ತು ಆ ಒಳಲೆ.

ಕೋಣೆ ಆದ ಮೇಲೆ ಆಫೀಸಿನಲ್ಲಿ ಸ್ವಲ್ಪ ದಿನ ತಮಾಷೆ ಇತ್ತು. "ಡೈರಿಗೆ ಹೊರಟ್ರಾ?" ಅಂತ ಒಬ್ಬರು. ನಾನು ನಗಲಿಲ್ಲ, ಬೈಯಲೂ ಇಲ್ಲ. ಎದುರು ಟೇಬಲ್ಲಿನವರು ಮಾತ್ರ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಗಡಿಯಾರ ನೋಡಿ "ಹನ್ನೊಂದಾಯ್ತು ಮೇಡಂ" ಅನ್ನುತ್ತಿದ್ದರು, ನನ್ನ ಫೋನ್ ಬಂದರೆ ತಾವೇ ಎತ್ತುತ್ತಿದ್ದರು. ಅವರಿಗೆ ಎರಡು ಮಕ್ಕಳು. ಅವರ ಹೆಂಡತಿ ಹೆರಿಗೆ ಆದ ಮೇಲೆ ಕೆಲಸ ಬಿಟ್ಟವರು ಅಂತ ಬಹಳ ದಿನದ ಮೇಲೆ ಗೊತ್ತಾಯಿತು.

ಹೊರಗಡೆಯ ಕಥೆ ಬೇರೆ. ಬಸ್ಸಲ್ಲಿ ನನಗೆ ತೊಂದರೆ ಆಗಿದ್ದು ಕಡಿಮೆ. ಕಿಟಕಿ ಸೀಟು, ಮೇಲೊಂದು ಶಾಲು. ಪಕ್ಕದಲ್ಲಿ ಹೆಂಗಸರಿದ್ದರೆ ತಾವೇ ಸ್ವಲ್ಪ ಅಡ್ಡ ತಿರುಗಿ ಕೂತು ಮರೆ ಮಾಡುತ್ತಾರೆ, ಒಂದು ಮಾತೂ ಆಡದೆ. ಕಷ್ಟ ಆಗಿದ್ದು ನಮ್ಮವರದ್ದೇ ಒಂದು ಮದುವೆಯಲ್ಲಿ. ಕುರ್ಚಿಯಲ್ಲಿ ಕೂತು ಶಾಲು ಹೊದ್ದು ಕುಡಿಸುತ್ತಿದ್ದೆ. ಚಿಕ್ಕಮ್ಮ ಬಂದು "ಒಳಗೆ ಹೋಗು" ಅಂದರು. ಒಳಗಿನ ರೂಮಲ್ಲಿ ಗಂಡಸರು ಗ್ಲಾಸ್ ಹಿಡಿದು ಕೂತಿದ್ದರು. ಅವರಿಗೆ ಎದ್ದು ಹೋಗಿ ಅಂತ ಯಾರೂ ಹೇಳಲಿಲ್ಲ. ನಾನು ಕಾರಿನಲ್ಲಿ ಕೂತು ಕುಡಿಸಿದೆ. 2025ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಜಾಗದಲ್ಲಿ, ಕೆಲಸದ ಜಾಗದಲ್ಲಿ ಹಾಲುಣಿಸುವುದನ್ನು ಕೀಳಾಗಿ ಕಾಣಬಾರದು ಅಂತ ಹೇಳಿದ ಸುದ್ದಿಯನ್ನು ನಾನು ಚಿಕ್ಕಮ್ಮನಿಗೆ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಇಷ್ಟರಲ್ಲಿ ನನ್ನದೇ ಒಂದು ತಪ್ಪು ಇದೆ. ಕೋಣೆ ಆಗಿ ಎರಡು ತಿಂಗಳಾದರೂ ಅದನ್ನು ಬಳಸುತ್ತಿದ್ದದ್ದು ನಾನೊಬ್ಬಳೇ. ಗಾರ್ಬ್ಲಿಂಗಿನಲ್ಲಿ ಆ ವರ್ಷ ಎಳೆ ಮಕ್ಕಳ ತಾಯಂದಿರು ಮೂವರಿದ್ದರು. "ಯಾಕೆ ಬರ್ತಾ ಇಲ್ಲ?" ಅಂತ ಅಕ್ಕನನ್ನು ಕೇಳಿದೆ.

"ಕೀ ಎಲ್ಲಿ ಉಂಟು?"

"ಸರ್ ಟೇಬಲ್ ಮೇಲೆ."

ಅಕ್ಕ ನನ್ನ ಮುಖ ನೋಡಿ ಸುಮ್ಮನಾದರು. ಸೀರೆ ಮೇಲೆ ಅಂಗಿ ಹಾಕಿ, ತಲೆಗೆ ಬಟ್ಟೆ ಕಟ್ಟಿದ ದಿನಗೂಲಿ ಹುಡುಗಿ ಎ.ಸಿ. ರೂಮಿಗೆ ಹೋಗಿ, "ಹಾಲು ಹಿಂಡಬೇಕು, ಕೀ ಕೊಡಿ" ಅಂತ ಕೇಳುತ್ತಾಳಾ? ನನಗೇ ಮೊದಲ ಸಲ ಕೇಳಲು ಐದು ದಿನ ಬೇಕಾಗಿತ್ತು. ಅಕ್ಕ ತಾವು ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ ದಿನಗಳ ಬಗ್ಗೆ ಹೇಳಿದರು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ 50 ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳಿಗೆ ಕೋಣೆ ಇರಬೇಕು ಅಂತ ಇತ್ತು. ಅವರದ್ದು ಹದಿನೈದು ಆಳಿನ ತೋಟ. ಮರಕ್ಕೆ ಸೀರೆಯಲ್ಲಿ ಜೋಲಿ ಕಟ್ಟಿ ಮಗನನ್ನು ಮಲಗಿಸುತ್ತಿದ್ದರಂತೆ. ಅತ್ತರೆ ಹೋಗಿ ಗಿಡದ ಬುಡದಲ್ಲಿ ಕೂತು ಕುಡಿಸುವುದು. ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಆ ಕಡೆ ಮುಖ ತಿರುಗಿಸಿ ನಡೆಯುತ್ತಿದ್ದರು. "ಅಲ್ಲಿ ನಾಚಿಕೆ ಇರ್ಲಿಲ್ಲ. ಶೀಟ್ ಕೆಳಗೆ ಕೆಲಸಕ್ಕೆ ಬಂದ ಮೇಲೆ ನಾಚಿಕೆ ಬಂತು" ಅಂದರು.

ಮರುದಿನ ಸರ್ ಹತ್ತಿರ ಹೋಗಿ ಬೀಗ ತೆಗೆಸುತ್ತೇನೆ ಅಂದೆ. ಕಳವಾಗುತ್ತದೆ ಅಂದರು. ಪ್ಲಾಸ್ಟಿಕ್ ಕುರ್ಚಿ ಕದ್ದು ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದೆ. ಒಪ್ಪಿದರು. ಬಡಗಿ ಬಂದು ಹೊರಗಿನ ಬೀಗ ಕಿತ್ತು ಒಳಗಡೆ ಒಂದು ಚಿಲಕ ಹೊಡೆದ. ಅದಕ್ಕೆ ಬಿಲ್ಲೂ ಕೊಡಲಿಲ್ಲ. ಆ ವಾರವೇ ಮೂವರಲ್ಲಿ ಇಬ್ಬರು ಬಂದರು. ಮೂರನೆಯವಳು ಬರಲಿಲ್ಲ. ಅವಳಿಗೆ ಕೆಲಸ ಕಿಲೋ ಲೆಕ್ಕದಲ್ಲಿ, ಇಪ್ಪತ್ತು ನಿಮಿಷ ಅಂದರೆ ಅಷ್ಟು ದುಡ್ಡು ಕಡಿಮೆ. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ದೆಹಲಿ ನಗರಪಾಲಿಕೆಯ ಕೇಸಿನಲ್ಲಿ ಹೇಳಿದೆ. ಬ್ಯಾಗಿನಲ್ಲೇ ಉಳಿದ ಆ ಒಂದೂವರೆ ಪುಟಕ್ಕೆ ಈಗ ಇದನ್ನೂ ಸೇರಿಸಿದ್ದೇನೆ. ಕಿಲೋ ಲೆಕ್ಕದವರಿಗೆ ಆ ಎರಡು ಬಿಡುವಿಗೆ ಎಷ್ಟು ಕೂಲಿ ಕಟ್ಟಬೇಕು ಅಂತ ಹಿಂದಿನ ಮೂರು ತಿಂಗಳ ರಿಜಿಸ್ಟರ್ ನೋಡಿ ಲೆಕ್ಕ ಹಾಕಿದ್ದೇನೆ. ದೊಡ್ಡ ಮೊತ್ತ ಏನಲ್ಲ. ಸೀಸನ್ ಶುರುವಾಗುವ ಮೊದಲು ಕೊಡಬೇಕು, ಈ ಸಲ ಟೈಪ್ ಮಾಡಿಸಿ.