ಟೇಬಲ್ ಸಾ ಮೇಲೆ ಹಲಗೆ ಸೀಳುವಾಗ ಬೆರಳು ಉಳಿಸಿಕೊಳ್ಳುವ ಬಗೆ

ಟೇಬಲ್ ಸಾ ಎಂದರೆ ಮೇಜಿನ ಸೀಳಿನಿಂದ ದುಂಡು ಬ್ಲೇಡು ಮೇಲೆ ಚಾಚಿರುವ ಗರಗಸದ ಮಷೀನು. ಅದರ ಬ್ಲೇಡಿನ ಈಚೆ ಬದಿಯ, ಅಂದರೆ ನಾವು ನಿಂತ ಕಡೆಯ, ಹಲ್ಲು ಕೆಳಕ್ಕೆ ಇಳಿಯುತ್ತದೆ, ಆಚೆ ಬದಿಯದು ಮೇಲಕ್ಕೆ ಏಳುತ್ತದೆ. ಕೊಯ್ಯುವ ಕೆಲಸವೆಲ್ಲ ಈಚೆ ಹಲ್ಲಿನದು. ಆಚೆ ಹಲ್ಲಿಗೆ ಮರ ತಾಗಿದರೆ ಅದು ಹಲಗೆಯನ್ನು ಎತ್ತಿ, ಬ್ಲೇಡಿನ ನೆತ್ತಿಯ ಮೇಲೆ ಹಾಯಿಸಿ, ಎದುರಿಗೆ ನಿಂತವನ ಹೊಟ್ಟೆಗೆ ಎಸೆಯುತ್ತದೆ. ಇದೇ ಕಿಕ್‌ಬ್ಯಾಕ್. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ಒತ್ತಿ ಹಿಡಿದಿದ್ದ ಹಲಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈ ಕೆಳಗಿಂದ ಹೋಗಿಬಿಡುತ್ತದೆ, ಒತ್ತುತ್ತಿದ್ದ ಕೈ ಹಾಗೇ ಬ್ಲೇಡಿನ ಮೇಲೆ ಬೀಳುತ್ತದೆ. ಬೆರಳು ಹೋಗುವುದು ಎಷ್ಟೋ ಸಲ ಹೀಗೆ.

ಇದಕ್ಕೆ ಮದ್ದು ರಿವಿಂಗ್ ನೈಫ್. ಬ್ಲೇಡಿನ ಬೆನ್ನಿಗೆ ನಿಂತ ಉಕ್ಕಿನ ಪಟ್ಟಿ ಅದು. ಸೀಳಿದ ಹಲಗೆಯ ಎರಡು ಹೋಳು ಮತ್ತೆ ಕೂಡಿ ಬ್ಲೇಡನ್ನು ಕಚ್ಚದಂತೆ, ಹಲಗೆ ಜರುಗಿ ಆಚೆ ಹಲ್ಲಿಗೆ ತಾಗದಂತೆ ತಡೆಯುತ್ತದೆ. ಅಳತೆ ಸರಿಯಿದ್ದರೆ ಮಾತ್ರ ಅದರಿಂದ ಉಪಯೋಗ. ಪಟ್ಟಿಯ ದಪ್ಪವು ಬ್ಲೇಡಿನ ತಗಡಿನ ದಪ್ಪಕ್ಕಿಂತ ಹೆಚ್ಚಿರಬೇಕು, ಕೊಯ್ತದ ಅಗಲಕ್ಕಿಂತ ಕಡಿಮೆಯಿರಬೇಕು. ತಗಡು 2.2 ಮಿ.ಮೀ., ಕೊಯ್ತ 3.2 ಮಿ.ಮೀ. ಇದ್ದರೆ ಪಟ್ಟಿ ಸುಮಾರು 2.5 ಮಿ.ಮೀ. ಹಲ್ಲಿಗೂ ಪಟ್ಟಿಗೂ ನಡುವೆ 3ರಿಂದ 8 ಮಿ.ಮೀ. ಸಂದು, ತುದಿ ಬ್ಲೇಡಿನ ನೆತ್ತಿಗಿಂತ 2–3 ಮಿ.ಮೀ. ಕೆಳಗೆ. ತೆಳು ಬ್ಲೇಡು ಹಾಕಿದ ದಿನ ಹಳೆಯ ಪಟ್ಟಿ ಕೊಯ್ತದೊಳಗೆ ಹೋಗದೆ ಹಲಗೆ ಅಲ್ಲೇ ನಿಲ್ಲುತ್ತದೆ. ಆಗ ಪಟ್ಟಿಯನ್ನೇ ಬಿಚ್ಚಿ ಮೂಲೆಗೆಸೆಯುತ್ತಾರೆ, ಅದು ಮತ್ತೆ ಮಷೀನಿಗೆ ಬರುವುದೇ ಇಲ್ಲ. ಬದಲಿಸಬೇಕಾದ್ದು ಬ್ಲೇಡು, ಪಟ್ಟಿಯಲ್ಲ. ಬ್ಲೇಡನ್ನು ಮೇಲಿಂದ ಮುಚ್ಚುವ ಗಾರ್ಡನ್ನೂ ಆಗುವ ಕೆಲಸಕ್ಕೆಲ್ಲ ಹಾಕಿಯೇ ಇಡಿ.

ಪುಣೆ, ಮುಂಬೈಯ ಫ್ಲ್ಯಾಟುಗಳಲ್ಲಿ ಇಂಟೀರಿಯರ್ ಕೆಲಸಕ್ಕೆ ಹೋದ ಕಡೆ ಕಾಣುವುದು ಬೇರೆಯೇ ಮಷೀನು: ಪ್ಲೈವುಡ್ ಬೆಂಚಿನ ಕೆಳಗೆ ಉಲ್ಟಾ ಬಿಗಿದ 4 ಇಂಚಿನ ಮಾರ್ಬಲ್ ಕಟರ್, ಅದಕ್ಕೆ ಮರದ ಬ್ಲೇಡು. ಇದನ್ನು ಬಳಸಲೇಬೇಡಿ. ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುವ ಈ ಕಟರಿನಲ್ಲಿ ಹಲ್ಲಿನ ವೇಗ ಗಂಟೆಗೆ 250 ಕಿ.ಮೀ. ಮುಟ್ಟುತ್ತದೆ. ರಿವಿಂಗ್ ನೈಫ್ ಇಲ್ಲ, ಗಾರ್ಡ್ ಬಿಚ್ಚಿರುತ್ತದೆ, ಸ್ವಿಚ್ಚು ಲಾಕ್ ಆಗಿ ಬೆಂಚಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಮರ ಕಚ್ಚಿದ ಕ್ಷಣ ಒಂದು ಕೈ ಹಲಗೆ ಹಿಡಿದಿರಬೇಕು, ಇನ್ನೊಂದು ಬೆಂಚಿನ ಕೆಳಗೆ ಸ್ವಿಚ್ಚು ತಡಕಬೇಕು, ಕಣ್ಣು ಬ್ಲೇಡಿನ ಮೇಲಿರಬೇಕು. ಇದು ಯಾರಿಂದಲೂ ಆಗದು. ಸೈಟಿಗೆ ಟೇಬಲ್ ಸಾ ಒಯ್ಯಲಾಗದಿದ್ದರೆ 7 ಇಂಚಿನ ಕೈ ಸರ್ಕ್ಯುಲರ್ ಸಾ ತನ್ನಿ. ಶೀಟನ್ನು ಥರ್ಮಾಕೋಲ್ ಮೇಲೆ ಮಲಗಿಸಿ, ನೇರ ಪಟ್ಟಿ ಕ್ಲ್ಯಾಂಪ್ ಮಾಡಿ, ಅದರ ಅಂಚಿಗೆ ಹಿಡಿದು ಕೊಯ್ಯಿರಿ.

ಮಷೀನಿಗೆ ಬೇಕಾದ ಇನ್ನೊಂದು ಭಾಗ ನೋ-ವೋಲ್ಟ್ ಸ್ವಿಚ್ಚು. ಗುರುವಾರ ದುರಸ್ತಿಗೆಂದು ಕರೆಂಟ್ ತೆಗೆಯುವುದು ಪುಣೆಯವರಿಗೆ ಗೊತ್ತಿದ್ದದ್ದೇ. ಸಾದಾ ಸ್ವಿಚ್ಚು ಆನ್ ಆಗಿಯೇ ಉಳಿದಿದ್ದು, ಬ್ಲೇಡು ಒರೆಸುತ್ತಿರುವಾಗ ಕರೆಂಟ್ ಬಂದರೆ? ನೋ-ವೋಲ್ಟ್ ಸ್ವಿಚ್ಚಿದ್ದರೆ ಹಸಿರು ಗುಂಡಿ ಮತ್ತೆ ಒತ್ತುವವರೆಗೂ ಮೋಟರು ತಿರುಗುವುದಿಲ್ಲ. ಹಾಗಿದ್ದರೂ ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಕಣ್ಣಿಗೆ ಕಾಣುವಂತೆ ಟೇಬಲ್ಲಿನ ಮೇಲಿಡಿ.

ಹಲಗೆಯ ಅಂಚನ್ನು ಒತ್ತಿ ಹಿಡಿದು ನೇರ ದೂಡಲು ಟೇಬಲ್ಲಿನ ಮೇಲಿರುವ ಉದ್ದನೆಯ ಪಟ್ಟಿಯೇ ಫೆನ್ಸ್. ಅದು ಬ್ಲೇಡಿಗೆ ಸಮಾನಾಂತರವಿದೆಯೇ ಎಂದು ನೋಡಲು ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಆ ಹಲ್ಲಿನಿಂದ ಫೆನ್ಸಿಗೆ ಮುಂದೆ ಎಷ್ಟು ಅಂತರ ಎಂದು ಅಳೆಯಿರಿ, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಹಿಂದಿನ ಅಳತೆ ಕಡಿಮೆ ಬಂದರೆ ಹಲಗೆ ಒಳಗೆ ಹೋಗುತ್ತ ಹೋಗುತ್ತ ಇರುಕುತ್ತದೆ. ಕೊಯ್ದ ಅಂಚಿನಲ್ಲಿ ಸುಟ್ಟ ಕಪ್ಪು ಗೆರೆ ಕಂಡರೆ ಒಂದೋ ಇದು ಕಾರಣ, ಇಲ್ಲವೇ ಹಲ್ಲು ಮೊಂಡು. ಬ್ಲೇಡಿನ ಎತ್ತರ ಹಲಗೆಯಿಂದ 3–6 ಮಿ.ಮೀ. ಮೇಲಿದ್ದರೆ ಸಾಕು. ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈಗೂ ಅಡ್ಡ ಕೊಯ್ತಕ್ಕೂ 60–80 ಹಲ್ಲು.

ಕೈಗವಸು ಬೇಡ, ಹಲ್ಲು ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉಂಗುರ, ವಾಚು, ಕೊರಳ ಟವೆಲ್ಲು ತೆಗೆದಿಡಿ. ಕನ್ನಡಕ, ಇಯರ್‌ಮಫ್ ಹಾಕಿ.

ಈಗ ಕೊಯ್ತ. ಫೆನ್ಸ್ ಬಲಕ್ಕಿದ್ದರೆ ಬ್ಲೇಡಿನ ಗೆರೆಯಿಂದ ಎಡಕ್ಕೆ ಸರಿದು ನಿಲ್ಲಿ, ಎಸೆದ ಹಲಗೆ ಪಕ್ಕದಿಂದ ಹೋಗಲಿ. ಎಡಗೈ ಹಲಗೆಯನ್ನು ಫೆನ್ಸಿಗೆ ಒತ್ತುತ್ತದೆ, ಆದರೆ ಬ್ಲೇಡಿನ ಈಚೆ ಹಲ್ಲನ್ನು ದಾಟುವುದಿಲ್ಲ. ಬಲಗೈ ಮುಂದೂಡುತ್ತದೆ. ಬ್ಲೇಡಿಗೆ 6 ಇಂಚಿಗಿಂತ ಹತ್ತಿರ ಯಾವ ಬೆರಳೂ ಹೋಗಬಾರದು. ಹಲಗೆಯ ಬಾಲ ಒಂದಡಿ ಉಳಿದಾಗ ಪುಶ್ ಬ್ಲಾಕ್ ಕೈಗೆ ಬರಬೇಕು. 12 ಮಿ.ಮೀ. ಪ್ಲೈ ತುಂಡಿನಿಂದ ಚಪ್ಪಲಿ ಆಕಾರದಲ್ಲಿ, ಒಂದಡಿಗಿಂತ ಉದ್ದಕ್ಕೆ, ಹಿಮ್ಮಡಿಯಲ್ಲಿ 5 ಮಿ.ಮೀ. ಕೊಕ್ಕೆ ಬರುವಂತೆ ಕೊಯ್ದುಕೊಳ್ಳಿ. ತುದಿ ಸೀಳಿದ ಕಡ್ಡಿಗಿಂತ ಇದು ಮೇಲು, ಏಕೆಂದರೆ ತಳ ಹಲಗೆಯ ಮೇಲೆ ಕೂತು ಅದನ್ನು ಏಳದಂತೆ ಕೆಳಕ್ಕೂ ಒತ್ತುತ್ತದೆ. ಬ್ಲೇಡಿಗೂ ಫೆನ್ಸಿಗೂ ನಡುವಿನ ಹೋಳನ್ನು ರಿವಿಂಗ್ ನೈಫ್ ದಾಟುವವರೆಗೆ ದೂಡಿ, ನಡುವೆ ಬಿಡಬೇಡಿ. ಬಿಟ್ಟ ಹೋಳೇ ಹಾರುವುದು.

8×4 ಅಡಿಯ 19 ಮಿ.ಮೀ. ಶೀಟು 35 ಕಿಲೋ ಆಸುಪಾಸು ತೂಗುತ್ತದೆ, ಹಿಂದೆ ಆಧಾರದ ಮೇಜು ಬೇಕೇ ಬೇಕು. ಸಹಾಯಕ ಹಿಡಿದರೆ ಹೊರಲಿ ಅಷ್ಟೇ, ಎಳೆಯಬಾರದು. ಅವನು ಸೊಟ್ಟ ಎಳೆದ ಶೀಟು ನಿಮ್ಮ ಕೈಗೆ ತಿಳಿಯುವ ಮೊದಲೇ ಬ್ಲೇಡನ್ನು ಕಚ್ಚಿರುತ್ತದೆ.

ಅಡ್ಡ ಕೊಯ್ಯುವಾಗ ಮೈಟರ್ ಗೇಜ್ (ಟೇಬಲ್ಲಿನ ಗಾಡಿಯಲ್ಲಿ ಜಾರುತ್ತ ಹಲಗೆಯನ್ನು ಕೋನಕ್ಕೆ ಹಿಡಿದು ದೂಡುವ ಸಾಧನ) ಮತ್ತು ಫೆನ್ಸ್ ಎರಡನ್ನೂ ಒಟ್ಟಿಗೆ ತಾಗಿಸಬೇಡಿ, ತುಂಡು ನಡುವೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಒಂದೇ ಅಳತೆಯ ತುಂಡುಗಳು ಬೇಕಿದ್ದರೆ ಫೆನ್ಸಿನ ಈಚೆ ತುದಿಗೆ ಒಂದು ಮರದ ತುಂಡು ಬಿಗಿದು ಅದಕ್ಕೆ ಅಳತೆ ಹಿಡಿಯಿರಿ. ಫೆನ್ಸೂ ಗೇಜೂ ಇಲ್ಲದೆ ಬರಿಗೈಯಲ್ಲಿ ಎಂದೂ ಕೊಯ್ಯಬೇಡಿ.

ಮಳೆಗಾಲದಲ್ಲಿ ಗೋವಾ, ಮುಂಬೈಯ ಗಾಳಿಗೆ ಮರ ನೀರು ಹೀರಿರುತ್ತದೆ. ಸೀಳುತ್ತಿದ್ದಂತೆ ಹೋಳುಗಳು ಬಾಗಿ ಕೊಯ್ತ ಮುಚ್ಚಿಕೊಳ್ಳಬಹುದು. ಹಸಿ ಹಲಗೆಯನ್ನು ಮುಂಚೆ ಒಣಗಿಸಿ, ಒಂದು ಮುಖ, ಒಂದು ಅಂಚು ರಂದ ಹಾಕಿ ಸಮ ಮಾಡಿ. ಬಾಗಿದ ಮುಖ ಟೇಬಲ್ಲಿನ ಮೇಲೆ ಅಲುಗಾಡಿದರೆ ಕೊಯ್ಯಲೇಬೇಡಿ. ಟೇಬಲ್ಲಿಗೆ ಮೇಣ ಉಜ್ಜಿದರೆ ತುಕ್ಕು ಹಿಡಿಯದು, ಹಲಗೆಯೂ ಜಾರುತ್ತದೆ. ಮರದ ಪುಡಿ ಕ್ಯಾನ್ಸರ್‌ಕಾರಕ ಎಂಬುದು ಖಚಿತಪಟ್ಟಿದೆ, ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು.

ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಹಲವು ಸೆಕೆಂಡು ತಿರುಗುತ್ತದೆ. ಪೂರ್ತಿ ನಿಂತ ಮೇಲಷ್ಟೇ ಪಕ್ಕದ ಚೂರು ತೆಗೆಯಿರಿ.

ಅಷ್ಟಾಗಿಯೂ ಬೆರಳು ತುಂಡಾದರೆ: ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಕೈ ಮೇಲೆತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿಸಿ. ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿ. ಐಸ್ ನೇರವಾಗಿ ಬೆರಳಿಗೆ ತಾಗಬಾರದು, ತಾಗಿದರೆ ಮಾಂಸ ಹೆಪ್ಪುಗಟ್ಟಿ ಕೂಡಿಸಲು ಬಾರದು.