ಕಪ್ಪೆ ನೋಡಿ ಬಂದ ಮೇಲೆ ಶೂ ತೊಳೆಯುವುದು ಹೇಗೆ?

ಆಗುಂಬೆಯಿಂದ ಭಾನುವಾರ ಟಿಟಿ ಹೊರಡುವಾಗ ನಮ್ಮ ಗುಂಪಿನಲ್ಲಿ ಪ್ರತಿ ಸಲ ಇದೇ ಕಥೆ. ಒದ್ದೆ ಶೂಗಳನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಗಂಟು ಹಾಕುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ಅದು ಬಾಲ್ಕನಿ ಮೂಲೆ ಸೇರುತ್ತದೆ. ಮುಂದಿನ ಶನಿವಾರ ಅದೇ ಹಸಿ ಶೂ ಮೆಟ್ಟಿಕೊಂಡು ಕೊಡಗಿನ ಇನ್ಯಾವುದೋ ತೊರೆಗೆ ಇಳಿಯುತ್ತಾರೆ. ಕಪ್ಪೆಗಳಿಗೆ ಕಾಯಿಲೆ ಪಾರ್ಸೆಲ್ ಮಾಡಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಕಾಯಿಲೆ ಕಿಟ್ರಿಡ್ ಎಂಬ ಶಿಲೀಂಧ್ರದ್ದು. 1999ರಲ್ಲಿ ಇಟ್ಟ ಪೂರ್ತಿ ಹೆಸರು ಬಟ್ರಾಕೊಕಿಟ್ರಿಯಂ ಡೆಂಡ್ರೊಬಟೈಡಿಸ್. ಚಿಕ್ಕದಾಗಿ ‘ಬಿಡಿ’ ಅನ್ನುತ್ತಾರೆ, ಆದರೆ ಅದು ಬಿಡುವ ಪೈಕಿ ಅಲ್ಲ. ಬಾಲವಿರುವ ಅದರ ಬೀಜಕಣ ನೀರಲ್ಲಿ ಈಜಿ ಬಂದು ಕಪ್ಪೆಯ ಚರ್ಮಕ್ಕೆ ಸೇರಿಕೊಳ್ಳುತ್ತದೆ. ಕಪ್ಪೆ ನೀರು, ಉಪ್ಪಿನಂಶ ಎಲ್ಲವನ್ನೂ ಚರ್ಮದ ಮೂಲಕವೇ ಸರಿತೂಗಿಸುವ ಪ್ರಾಣಿ. ಆ ಚರ್ಮವೇ ಕೆಟ್ಟರೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯವೇ ನಿಂತುಹೋಗುತ್ತದೆ. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಇದರಿಂದ 501 ಜಾತಿಯ ಉಭಯಚರಗಳು ಕಡಿಮೆಯಾಗಿವೆ, ಅದರಲ್ಲಿ 90 ಜಾತಿ ಅಳಿದೇ ಹೋಗಿವೆ ಎಂಬ ಅಂದಾಜಿದೆ.

ಮೊದಲ ಹೆಜ್ಜೆ ಸುಲಭ. ನೀರಿನಿಂದ ದೂರ ನಿಂತು ಕಡ್ಡಿಯಿಂದ ಸೋಲ್ ಕೆರೆಯಿರಿ. ಅಲ್ಲಿಯ ಮಣ್ಣು ಅಲ್ಲೇ ಉಳಿಯಲಿ.

ಎರಡನೆಯದು ಉಜ್ಜುವುದು. ಎಲ್ಲರೂ ಎಡವುವುದು ಇಲ್ಲೇ. ಕೆಸರು ಮೆತ್ತಿದ ಶೂವನ್ನು ಸೀದಾ ಬ್ಲೀಚಿನಲ್ಲಿ ಅದ್ದುತ್ತಾರೆ. ಬ್ಲೀಚಿನ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ, ಬೀಜಕಣ ಒಳಗೆ ಆರಾಮಾಗಿ ಇರುತ್ತದೆ. ಹಾಗಾಗಿ ಮೊದಲು ಲೇಸ್ ಬಿಚ್ಚಿ, ಒಳಗಿನ ಅಟ್ಟೆ ತೆಗೆಯಿರಿ, ನಾಲಿಗೆ ಮೇಲೆತ್ತಿ. ಸೋಪು ನೀರು, ಹಳೆ ಟೂತ್‌ಬ್ರಷ್ ಸಾಕು. ಸೋಲಿನ ಗೆರೆಗಳಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತದೆ, ಪಿನ್ನಿನಿಂದ ಒಂದೊಂದಾಗಿ ತೆಗೆಯಿರಿ. ತೊಳೆದ ನೀರು ತಿಳಿಯಾಗುವವರೆಗೂ ನಿಲ್ಲಿಸಬೇಡಿ.

ಆಮೇಲೆ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5% ಅಂತಿದ್ದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಒಂದು ನಿಮಿಷ ಮುಳುಗಿದ್ದರೆ ಸಾಕು, ನಾನು ಐದು ನಿಮಿಷ ಬಿಡುತ್ತೇನೆ. ಕಳೆದ ವರ್ಷದ ಅರ್ಧ ಬಾಟಲಿ ನಂಬಬೇಡಿ, ಅದು ಬರೀ ವಾಸನೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಇದಕ್ಕೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಉಳಿದ ನೀರು ಬಾತ್‌ರೂಮಿನ ಮೋರಿಗೆ, ಯಾವತ್ತೂ ತೊರೆಗಲ್ಲ. ಚರ್ಮದ ಶೂ ಇದರಲ್ಲಿ ಹಾಳಾಗುತ್ತದೆ, ಅದಕ್ಕೇ ನಾನು ಗಂಬೂಟು ಬಿಟ್ಟು ಬೇರೇನೂ ಹಾಕುವುದಿಲ್ಲ. ಜಿಗಣೆ ಕಚ್ಚದಿರಲೆಂದು ಹಾಕುವ ಸಾಕ್ಸನ್ನು ಕುದಿಯುವ ನೀರಿಗೆ ಹಾಕಿ. 60 ಡಿಗ್ರಿಯಲ್ಲಿ ಐದು ನಿಮಿಷ ಇದ್ದರೂ ಬಿಡಿ ಸಾಯುತ್ತದೆ.

ಇಷ್ಟು ಹೇಳುವಾಗ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ‘ನಮ್ಮ ಪಶ್ಚಿಮ ಘಟ್ಟದಲ್ಲೂ ಆಗಲೇ ಬಿಡಿ ಇದೆಯಲ್ಲ, ತೊಳೆದು ಏನು ಬಂತು?’ ಇದೆ, ನಿಜ. ಪನಾಮಾದಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ಕಂಡಿಲ್ಲ, ಅದೂ ನಿಜ. ಆದರೆ ಬಿಡಿ ಅಂದರೆ ಒಂದೇ ತಳಿ ಅಲ್ಲ. 2018ರಲ್ಲಿ 234 ಮಾದರಿಗಳ ಜೀನೋಮ್ ಹೋಲಿಸಿ ನೋಡಿದಾಗ ಮೂಲ ಪೂರ್ವ ಏಷ್ಯಾ ಅಂತ ಗೊತ್ತಾಯಿತು, ಕೊರಿಯಾ ಕಡೆಯ ಮಾದರಿಗಳಲ್ಲೇ ವೈವಿಧ್ಯ ಜಾಸ್ತಿ ಇತ್ತು. ಜಗತ್ತನ್ನೆಲ್ಲ ಕಾಡಿದ ತಳಿ ಹರಡಿದ್ದು ಸುಮಾರು 20ನೇ ಶತಮಾನದ ಆರಂಭದಿಂದ ಈಚೆಗೆ. ಕಪ್ಪೆಗಳನ್ನು ಊರೂರಿಗೆ ಮಾರುವ ವ್ಯಾಪಾರವೇ ಅದನ್ನು ಹೊತ್ತು ತಿರುಗಿತು. ಬೇರೆ ಬೇರೆ ತಳಿಗಳು ಒಂದೇ ಕಡೆ ಸೇರಿದರೆ ಕೂಡಿ ಮಿಶ್ರತಳಿ ಹುಟ್ಟುತ್ತದೆ, ಬ್ರೆಜಿಲ್‌ನಲ್ಲಿ ಸಿಕ್ಕಿದೆ. ಒಂದು ತೊರೆಯ ಕಪ್ಪೆಗೆ ಅಭ್ಯಾಸವಾದದ್ದು ಇನ್ನೊಂದು ತೊರೆಯದಕ್ಕೆ ಹೊಸದಾಗಿರಬಹುದು, ಅಲ್ವಾ?

ಕೊನೆಗೆ ಒಣಗಿಸುವುದು. ಬಿಡಿಗೆ ಹಿತವಾದದ್ದು 17ರಿಂದ 25 ಡಿಗ್ರಿ, ಅಂದರೆ ನಮ್ಮ ಜುಲೈ ತಿಂಗಳ ಬಾಲ್ಕನಿಯೂ ಅದಕ್ಕೆ ಮನೆಯೇ. ಆದರೆ ಪೂರ್ತಿ ಒಣಗಿದರೆ ಸಾಯುತ್ತದೆ. ಮೇಲೆ ಒಣಗಿ ಒಳಗೆ ತೇವ ಇದ್ದರೆ ಲೆಕ್ಕಕ್ಕಿಲ್ಲ. ಹಳೆ ಪೇಪರ್ ಉಂಡೆ ಮಾಡಿ ಶೂ ಒಳಗೆ ತುಂಬಿ, ರಾತ್ರಿ ಫ್ಯಾನ್ ಕೆಳಗಿಡಿ, ಬೆಳಿಗ್ಗೆ ಪೇಪರ್ ಬದಲಿಸಿ. ಎರಡು ದಿನ ಬೇಕು. ಗುರುವಾರ ಬೆರಳು ಹಾಕಿ ನೋಡಿದಾಗ ಇನ್ನೂ ತಣ್ಣಗಿದ್ದರೆ, ಶನಿವಾರಕ್ಕೆ ಬೇರೆ ಜೊತೆ ಹುಡುಕಿ.